ಕಾನೂನು ಸಲಹೆ: ಕೊಲೆ ಆರೋಪ ಹೊತ್ತ ಹೆಣ್ಣಿನ ಮನೆಯವರು ಕೇಳಿದ್ದು

ಮನೆಯ ಹೆಣ್ಣುಮಗಳು ಕೊಲೆ ಆರೋಪದಲ್ಲಿ ಜೈಲು ಸೇರಿರುವ ಕುಟುಂಬಗಳ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ. ಮೊದಲೇ ತಿಳಿದಿರಬೇಕಾದ ಒಂದು ಸಂಗತಿ: 2024ರ ಜುಲೈ 1 ಮತ್ತು ಆನಂತರ ನಡೆದ ಘಟನೆಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ, ಅದಕ್ಕೂ ಹಿಂದಿನದಕ್ಕೆ ಹಳೆಯ ಐಪಿಸಿಯೇ. ಕೊಲೆಗೆ ಹಳೆಯದರಲ್ಲಿ ಕಲಂ 302, ಹೊಸದರಲ್ಲಿ 103. ಶಿಕ್ಷೆ ಬದಲಾಗಿಲ್ಲ: ಗಲ್ಲು ಇಲ್ಲವೇ ಜೀವಾವಧಿ, ಜೊತೆಗೆ ದಂಡ. ಸಿಆರ್‌ಪಿಸಿ ಇದ್ದ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಕೆಳಗೆ ಬರೀ 'ಸುರಕ್ಷಾ ಸಂಹಿತೆ' ಎಂದಿದ್ದರೆ ಅದೇ ಎಂದು ಓದಿಕೊಳ್ಳಿ.

ಪ್ರಶ್ನೆ: ನನ್ನ ತಂಗಿಯ ಮೇಲೆ ಗಂಡನನ್ನೂ ಅತ್ತೆಯನ್ನೂ ಕೊಂದ ಆರೋಪವಿದೆ. ಹೆಣ್ಣಿಗೆ ನಮ್ಮ ದೇಶದಲ್ಲಿ ಗಲ್ಲು ಆಗುವುದಿಲ್ಲ, ಹೆದರಬೇಡಿ ಎಂದು ಊರಿನಲ್ಲಿ ಎಲ್ಲರೂ ಧೈರ್ಯ ಹೇಳುತ್ತಿದ್ದಾರೆ. ಇದು ನಿಜವೇ?
(ಹಾವೇರಿ)

ಉತ್ತರ: ನಿಜವಲ್ಲ. ಹೆಣ್ಣು ಎಂಬ ಕಾರಣಕ್ಕೆ ಗಲ್ಲು ಶಿಕ್ಷೆಯಿಂದ ವಿನಾಯಿತಿ ಕೊಡುವ ಕಲಂ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಮಕ್ಕಳನ್ನು ಕದ್ದು ಕೊಂದ ಕೊಲ್ಹಾಪುರದ ಗಾವಿತ್ ಸಹೋದರಿಯರ ಗಲ್ಲನ್ನು 2006ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ತನ್ನ ಮನೆಯವರನ್ನೇ ಕೊಂದ ಉತ್ತರ ಪ್ರದೇಶದ ಅಮ್ರೋಹಾದ ಶಬ್ನಂ ಪ್ರಕರಣದಲ್ಲಿ 2015ರಲ್ಲಿ ಎತ್ತಿಹಿಡಿಯಿತು. ರಾಜೀವ್ ಗಾಂಧಿ ಹತ್ಯೆಯ ಪ್ರಕರಣದಲ್ಲಿ ನಳಿನಿಗೆ ಗಲ್ಲು ಖಾಯಂ ಆಗಿತ್ತು. 2000ದ ಏಪ್ರಿಲ್‌ನಲ್ಲಿ ತಮಿಳುನಾಡಿನ ರಾಜ್ಯಪಾಲರು ಅದನ್ನು ಜೀವಾವಧಿಗೆ ಇಳಿಸಿದ್ದರಿಂದ ಉಳಿದರು.

ಕಾನೂನಿನಲ್ಲಿರುವ ವಿನಾಯಿತಿ ಒಂದೇ, ಅದು ಗರ್ಭಿಣಿಗೆ. ಗಲ್ಲು ಶಿಕ್ಷೆಯಾದ ಹೆಣ್ಣು ಗರ್ಭಿಣಿ ಎಂದು ಕಂಡುಬಂದರೆ ಹೈಕೋರ್ಟ್ ಆ ಶಿಕ್ಷೆಯನ್ನು ಜೀವಾವಧಿಗೆ ಇಳಿಸಲೇಬೇಕು ಎನ್ನುತ್ತದೆ ಸುರಕ್ಷಾ ಸಂಹಿತೆಯ ಕಲಂ 456. ಹಿಂದೆ ಹೆರಿಗೆಯವರೆಗೆ ಮುಂದೂಡಿದರೆ ಸಾಕಿತ್ತು. 2008ರ ತಿದ್ದುಪಡಿ ಅದನ್ನು ಕಡ್ಡಾಯ ಇಳಿಕೆಯಾಗಿ ಮಾಡಿತು. ಆದರೆ ವಿಚಾರಣೆಯ ಕಾಲದಲ್ಲೇ ಹೆರಿಗೆಯಾಗಿ, ಶಿಕ್ಷೆಯ ಹೊತ್ತಿಗೆ ಮಗು ಕೈಯಲ್ಲಿದ್ದರೆ ಈ ಕಲಂ ತಾನಾಗಿ ನೆರವಿಗೆ ಬರುವುದಿಲ್ಲ. ಶಬ್ನಂ ಜೈಲಿನಲ್ಲಿ ಹೆತ್ತದ್ದು 2008ರಲ್ಲಿ, ಶಿಕ್ಷೆಯಾದದ್ದು 2010ರಲ್ಲಿ. ಪುಟ್ಟ ಮಗುವಿದೆ ಎನ್ನುವುದು ಆಗ ಶಿಕ್ಷೆ ತಗ್ಗಿಸಲು ಕೋರ್ಟು ಪರಿಗಣಿಸಬಹುದಾದ ಒಂದು ಅಂಶವಾಯಿತು, ಅಷ್ಟೇ.

ಹಾಗೆಂದು ಕೊಲೆ ಸಾಬೀತಾದ ಕೂಡಲೇ ಗಲ್ಲು ಎಂದೂ ಅಲ್ಲ. ಜೀವಾವಧಿಯೇ ಸಾಮಾನ್ಯ ನಿಯಮ. ಗಲ್ಲು ಕೊಡುವ ನ್ಯಾಯಾಧೀಶರು ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ಬರೆಯಬೇಕು. 1980ರ ಬಚನ್ ಸಿಂಗ್ ತೀರ್ಪಿನ ಪ್ರಕಾರ ಅಪರೂಪದಲ್ಲಿ ಅಪರೂಪದ ಪ್ರಕರಣವಾಗಿರಬೇಕು, ಬೇರೆ ಯಾವ ಶಿಕ್ಷೆಯೂ ಸಾಲದು ಎನ್ನುವುದು ಪ್ರಶ್ನೆಗೆ ಎಡೆಯಿಲ್ಲದಂತೆ ಕಾಣಬೇಕು. ಆದ್ದರಿಂದ ಊರಿನವರ ಧೈರ್ಯದ ಮಾತನ್ನು ನಂಬಿ ಕೈಕಟ್ಟಿ ಕೂರಬೇಡಿ. ಎರಡು ಸಾವು, ಅದರಲ್ಲೂ ಮನೆಯೊಳಗಿನ ಸಾವು ಇರುವ ಕೇಸಿನಲ್ಲಿ ಸರ್ಕಾರಿ ವಕೀಲರು ಗಲ್ಲು ಕೇಳುವ ಸಾಧ್ಯತೆ ಇದ್ದೇ ಇದೆ.

ಪ್ರಶ್ನೆ: ಖಾಸಗಿ ವಕೀಲರನ್ನು ಇಡುವ ಶಕ್ತಿ ನಮಗಿಲ್ಲ. ಉಚಿತ ವಕೀಲರು ಕೊಲೆ ಕೇಸನ್ನು ಮನಸ್ಸಿಟ್ಟು ನಡೆಸುವುದಿಲ್ಲ, ಇರುವ ಎರಡೆಕರೆ ಮಾರಿಯಾದರೂ ದೊಡ್ಡ ವಕೀಲರನ್ನು ಹಿಡಿಯಿರಿ ಎನ್ನುತ್ತಾರೆ. ಏನು ಮಾಡಲಿ?
(ಚಿಂತಾಮಣಿ)

ಉತ್ತರ: ಹೊಲ ಮಾರುವ ಮೊದಲು ಇದನ್ನು ಓದಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರಂತೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ಬಂಧನದಲ್ಲಿರುವವರಿಗೂ ಇಲ್ಲ. ಜೈಲಿನಲ್ಲಿರುವ ನಿಮ್ಮ ಮಗಳು ಎರಡು ಲೆಕ್ಕದಲ್ಲೂ ಅರ್ಹಳು. ಅರ್ಜಿಗೆ ಆದಾಯ ಪ್ರಮಾಣಪತ್ರ ತನ್ನಿ ಎಂದು ಯಾರಾದರೂ ತಿರುಗಿಸಿ ಕಳಿಸಿದರೆ ಈ ಕಲಂ ತೋರಿಸಿ. ಜೈಲಿನೊಳಗಿನ ಕಾನೂನು ನೆರವು ಕೇಂದ್ರದಲ್ಲಿ ಅವಳೇ ಅರ್ಜಿಗೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬಹುದು. ಹೊರಗಿನಿಂದ ನೀವು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕೊಡಬಹುದು. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಉಚಿತ ವಕೀಲರೆಂದರೆ ನಿನ್ನೆ ಸನ್ನದು ಪಡೆದವರನ್ನು ಕೊಡುತ್ತಾರೆ ಎಂಬ ಭಯ ಬೇಡ. ಅನೋಖಿಲಾಲ್ ಪ್ರಕರಣದಲ್ಲಿ 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟವಾಗಿದೆ: ಗಲ್ಲು ಅಥವಾ ಜೀವಾವಧಿ ಆಗಬಹುದಾದ ಕೇಸಿಗೆ ಕನಿಷ್ಠ 10 ವರ್ಷ ವಕೀಲಿಕೆ ಮಾಡಿದವರನ್ನೇ ನೇಮಿಸಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಬೇಕು. ನೇಮಕವಾದ ದಿನವೇ ಸಾಕ್ಷಿಯನ್ನು ಕಟಕಟೆಗೆ ಕರೆದರೆ ಸಮಯ ಕೇಳಿ ಮೆಮೊ ಹಾಕಿಸಿ. ಕೊಡದಿದ್ದರೂ ಆ ಮೆಮೊ ಕಡತದಲ್ಲಿ ಉಳಿಯುತ್ತದೆ, ಮೇಲ್ಮನವಿಯಲ್ಲಿ ಅದೇ ಮಾತನಾಡುತ್ತದೆ.

ಕೇಸು ಕೆಡುವುದು ವಕೀಲರು ಉಚಿತವೋ ದುಡ್ಡು ಕೊಟ್ಟವರೋ ಎನ್ನುವುದರಿಂದಲ್ಲ. ಕಾಗದ ಅವರ ಕೈಸೇರದೆ ಕೆಡುತ್ತದೆ. ಆದ್ದರಿಂದ ಮೊದಲ ಮೂರು ತಿಂಗಳಲ್ಲಿ ನೀವು ಹೀಗೆ ಮಾಡಿ. ಬಂಧನವಾದ ದಿನ, ಗಂಟೆ, ಜಾಗವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಸೂರ್ಯಾಸ್ತದ ಮೇಲೆ ಸೂರ್ಯೋದಯಕ್ಕೆ ಮುಂಚೆ ಹೆಣ್ಣನ್ನು ಬಂಧಿಸಬೇಕಾದರೆ ಅಸಾಧಾರಣ ಕಾರಣವಿರಬೇಕು, ಮಹಿಳಾ ಪೊಲೀಸ್ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಪಡೆದಿರಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನದ ನಂತರದ ವೈದ್ಯಕೀಯ ತಪಾಸಣೆಯನ್ನು ಮಹಿಳಾ ವೈದ್ಯರು ಅಥವಾ ಅವರ ಉಸ್ತುವಾರಿಯಲ್ಲಿ ಮಾಡಬೇಕು, ಆ ವರದಿಯ ಪ್ರತಿ ಅವಳಿಗೆ ಇಲ್ಲವೇ ಅವಳು ಹೇಳಿದವರಿಗೆ ಸಿಗಬೇಕು. ಈ ಕೊನೆಯದನ್ನು ದಯವಿಟ್ಟು ಬಿಡಬೇಡಿ. ಅವಳ ಮೈಮೇಲೆ ಗಾಯವಿದ್ದರೆ ಅದನ್ನು ಬರೆದಿಡುವ ಮೊದಲ ಸರ್ಕಾರಿ ಕಾಗದ ಅದು, ಎರಡು ವಾರ ಕಳೆದರೆ ಗಾಯ ಮಾಯುತ್ತದೆ. ಆರೋಪಿಯ ಮೈಮೇಲಿನ ಗಾಯ ಹೇಗಾಯಿತೆಂದು ಪೊಲೀಸರ ಕಡೆಯವರು ವಿವರಿಸದಿದ್ದರೆ ಅವರ ಕಥೆಯ ಮೇಲೆ ಅನುಮಾನ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1976ರ ಲಕ್ಷ್ಮಿ ಸಿಂಗ್ ಪ್ರಕರಣದಲ್ಲೇ ಹೇಳಿದೆ.

ಇನ್ನು 90 ದಿನದ ಲೆಕ್ಕ. ಮೊದಲ ಸಲ ಕಸ್ಟಡಿಗೆ ಕೊಟ್ಟ ದಿನದಿಂದ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ಅರ್ಜಿ ಹಾಕಿದವರಿಗೆ ಮಾತ್ರ. ಚಾರ್ಜ್‌ಶೀಟ್ ಬಂದು ಕೂತ ಮೇಲೆ ಕೇಳಿದರೆ ಆ ಹಕ್ಕು ಹೋಯಿತು. ಅರ್ಜಿಯನ್ನೂ ಜಾಮೀನುದಾರರನ್ನೂ ಮೊದಲೇ ಸಿದ್ಧವಿಟ್ಟುಕೊಳ್ಳಿ. ಅದು ತಪ್ಪಿದರೂ, ಕೊಲೆಯಂಥ ಆರೋಪದಲ್ಲೂ ಹೆಣ್ಣಿಗೆ ಜಾಮೀನು ಕೊಡಲು ನ್ಯಾಯಾಲಯಕ್ಕೆ ಸುರಕ್ಷಾ ಸಂಹಿತೆಯ ಕಲಂ 480ರಲ್ಲಿ ವಿಶೇಷ ಅವಕಾಶವಿದೆ. ಅದು ಕಡ್ಡಾಯವಲ್ಲ, ವಿವೇಚನೆಗೆ ಬಿಟ್ಟದ್ದು.

ಪ್ರಶ್ನೆ: ನಮ್ಮಕ್ಕ ಹನ್ನೊಂದು ವರ್ಷ ಗಂಡನ ಹೊಡೆತ ತಿಂದಿದ್ದಾಳೆ. ಆ ರಾತ್ರಿಯೂ ಕುಡಿದು ಬಂದು ಹೊಡೆದು ಮಲಗಿದ. ಆಮೇಲೆ ಇವಳು ಒನಕೆಯಿಂದ ತಲೆಗೆ ಹೊಡೆದಿದ್ದಾಳೆ. ಇದನ್ನು ಆತ್ಮರಕ್ಷಣೆ ಎನ್ನಬಹುದಲ್ಲವೇ? ನಮ್ಮ ವಕೀಲರು 'ಅವಳು ಆ ಹೊತ್ತಿಗೆ ಮನೆಯಲ್ಲೇ ಇರಲಿಲ್ಲ' ಎಂದು ವಾದಿಸೋಣ ಎನ್ನುತ್ತಾರೆ.
(ಕೊಪ್ಪಳ)

ಉತ್ತರ: ನಿಮ್ಮ ಅಕ್ಕನ ಕೇಸು ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಸ್ವಲ್ಪ ದೀರ್ಘವಾಗಿಯೇ ಹೇಳಬೇಕು.

ಮೊದಲು ಆತ್ಮರಕ್ಷಣೆ. ಸಾಯುವ, ಭಾರಿ ಗಾಯವಾಗುವ ಅಥವಾ ಅತ್ಯಾಚಾರವಾಗುವ ಭಯ ಆ ಕ್ಷಣಕ್ಕೆ ಎದುರಿಗಿದ್ದರೆ ಎದುರಾಳಿಯ ಪ್ರಾಣ ಹೋದರೂ ಅಪರಾಧವಿಲ್ಲ ಎನ್ನುತ್ತದೆ ನ್ಯಾಯ ಸಂಹಿತೆಯ ಕಲಂ 38. ಆದರೆ ಮಲಗಿದವನಿಂದ ಆ ಕ್ಷಣದ ಭಯ ಏನಿತ್ತು ಎಂದು ಕೋರ್ಟು ಕೇಳುತ್ತದೆ. ಅದಕ್ಕೆ ಉತ್ತರವಿಲ್ಲದಿದ್ದರೆ ಇದೊಂದನ್ನೇ ಹಿಡಿದು ಕೂರುವುದು ಅಪಾಯ. ಅವನು ನಿದ್ದೆಗೆ ಜಾರುವ ಮುನ್ನ ಎದ್ದು ಬಂದಿದ್ದನೇ, 'ಬೆಳಗಾಗಲಿ ನಿನ್ನ ಮುಗಿಸ್ತೀನಿ' ಎಂದಿದ್ದನೇ, ಮಕ್ಕಳ ಮೇಲೆ ಕೈ ಮಾಡಿದ್ದನೇ, ಬಾಗಿಲಿಗೆ ಒಳಗಿನಿಂದ ಬೀಗ ಹಾಕಿದ್ದನೇ, ಇದನ್ನೆಲ್ಲ ಅಕ್ಕನಿಂದ ಕೂತು ಕೇಳಿ.

ಎರಡನೆಯದು ಕೆರಳಿಕೆ. ಗಂಭೀರವೂ ಹಠಾತ್ತೂ ಆದ ಕೆರಳಿಕೆಯಿಂದ ಹತೋಟಿ ತಪ್ಪಿ ಕೊಂದರೆ ಅದು ಕೊಲೆಯಲ್ಲ, ಕೊಲೆಯಲ್ಲದ ನರಹತ್ಯೆ. ಕಲಂ 101ರ ಮೊದಲ ವಿನಾಯಿತಿ ಇದು. ಶಿಕ್ಷೆ ಆಗ 105ರಡಿ ಬರುತ್ತದೆ: ಸಾಯಿಸುವ ಉದ್ದೇಶವಿದ್ದರೆ ಜೀವಾವಧಿ ಅಥವಾ 5ರಿಂದ 10 ವರ್ಷ, ಉದ್ದೇಶವಿಲ್ಲದೆ ಸಾಯಬಹುದೆಂಬ ಅರಿವು ಮಾತ್ರವಿದ್ದರೆ 10 ವರ್ಷದವರೆಗೆ. ಗಲ್ಲಿನ ಮಾತೇ ಇಲ್ಲ. ತೊಡಕಿರುವುದು 'ಹಠಾತ್' ಎನ್ನುವ ಪದದಲ್ಲಿ. ಹೆಂಡತಿಯ ಪ್ರಿಯಕರನನ್ನು ಕೊಂದ ನೌಕಾಧಿಕಾರಿ ನಾನಾವತಿಯ ಕೇಸಿನ 1961ರ ತೀರ್ಪಿನಲ್ಲಿ ಆರೋಪಿ ಸೋತದ್ದು ನಡುವೆ ತಣ್ಣಗಾಗಲು ಸಮಯವಿತ್ತು ಎಂಬ ಕಾರಣಕ್ಕೆ. ಅದೇ ತೀರ್ಪು, ಸತ್ತವನ ಹಿಂದಿನ ನಡತೆ ಆರೋಪಿಯ ಮನಸ್ಸನ್ನು ಯಾವ ಸ್ಥಿತಿಗೆ ತಂದಿತ್ತೆಂದು ನೋಡಬಹುದು ಎಂದೂ ಹೇಳಿತು. ನಿಮಗೆ ಬೇಕಾದದ್ದು ಆ ಎರಡನೇ ಮಾತು.

ಅದನ್ನು ಮುಂದೆ ಒಯ್ದದ್ದು ಮದ್ರಾಸ್ ಹೈಕೋರ್ಟ್. ಮಕ್ಕಳೊಂದಿಗೆ ಬಾವಿಗೆ ಹಾರಿ, ಮಕ್ಕಳು ಸತ್ತು ತಾಯಿ ಮಾತ್ರ ಬದುಕುಳಿದು ಕೊಲೆ ಆರೋಪಿಯಾಗುವುದನ್ನು ನಾವೆಲ್ಲ ಕೇಳಿದ್ದೇವೆ. ಅಂಥ ಸುಯಂಬುಕ್ಕನಿ ಪ್ರಕರಣದಲ್ಲಿ 1989ರಲ್ಲಿ ಆ ನ್ಯಾಯಾಲಯ, ವರ್ಷಗಟ್ಟಲೆ ಒಳಗೊಳಗೇ ಬೇಯುವ ಕೆರಳಿಕೆಯನ್ನೂ ಗಣನೆಗೆ ತೆಗೆದುಕೊಂಡಿತು. 2013ರಲ್ಲಿ ಗುವಾಹಟಿ ಹೈಕೋರ್ಟ್ ಮಂಜು ಲಕ್ರಾ ಪ್ರಕರಣದಲ್ಲಿ, ಗಂಡನ ಹೊಡೆತಕ್ಕೆ ಸಿಕ್ಕ ಹೆಂಡತಿಯ ವಿಚಾರದಲ್ಲಿ ಇದೇ ದಾರಿ ಹಿಡಿಯಿತು. ನಮ್ಮ ಕೋರ್ಟುಗಳು ಇವಕ್ಕೆ ಬದ್ಧವಲ್ಲ, ಆದರೆ ಕೇಳಿಸಿಕೊಳ್ಳುತ್ತವೆ. ಎರಡೂ ತೀರ್ಪಿನ ಪ್ರತಿಯನ್ನು ವಕೀಲರ ಕೈಗೆ ಕೊಡಿ.

ಈಗ ನಿಮ್ಮ ವಕೀಲರ ಮಾತು. 'ಮನೆಯಲ್ಲೇ ಇರಲಿಲ್ಲ' ಎಂದು ಹೇಳಿ ಆಮೇಲೆ 'ಹೊಡೆತ ತಾಳಲಾರದೆ ಹೊಡೆದಳು' ಎಂದರೆ ಎರಡೂ ನೆಲಕಚ್ಚುತ್ತವೆ. ಅವಳು ನಿಜಕ್ಕೂ ಅಲ್ಲಿ ಇರಲಿಲ್ಲವಾದರೆ ಬಸ್ ಟಿಕೆಟ್ಟೋ ಫೋನಿನ ಟವರ್ ದಾಖಲೆಯೋ ಬೇಕು. ಇದ್ದಳು ಎಂದಾದರೆ, ರಾತ್ರಿ ನಾಲ್ಕು ಗೋಡೆಯ ನಡುವೆ ನಡೆದದ್ದನ್ನು ಅಲ್ಲಿದ್ದವರೇ ವಿವರಿಸಬೇಕು ಎನ್ನುತ್ತದೆ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 109. ಅಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಉಳಿದ ಸಾಕ್ಷ್ಯದ ಸರಪಳಿಗೆ ಅದೂ ಒಂದು ಕೊಂಡಿಯಾಗಿ ಸೇರುತ್ತದೆ. ಯಾವ ದಾರಿ ಎನ್ನುವುದನ್ನು ಮೊದಲ ಸಾಕ್ಷಿಯ ಪಾಟಿ ಸವಾಲಿಗೆ (ನಮ್ಮ ವಕೀಲರು ಪ್ರಶ್ನೆ ಕೇಳುವುದಕ್ಕೆ) ಮುಂಚೆಯೇ ತೀರ್ಮಾನಿಸಿ. ನಡುದಾರಿಯಲ್ಲಿ ಬದಲಿಸಿದ ಕೇಸುಗಳು ಉಳಿಯುವುದು ಕಷ್ಟ.

ಹನ್ನೊಂದು ವರ್ಷದ ಹೊಡೆತಕ್ಕೆ ಕಾಗದ ಹುಡುಕಿ. ತಾಲ್ಲೂಕು ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಾಗಬಹುದಾದ ಗಾಯಗಳ) ರಿಜಿಸ್ಟರ್, ಗಾಯದ ಪ್ರಮಾಣಪತ್ರ, ಮುರಿದ ಕೈಯ ಎಕ್ಸ್‌ರೇ, ಠಾಣೆಯಲ್ಲಿ ಕೊಟ್ಟು ರಾಜಿಯಾಗಿ ಹಿಂದೆ ತಂದ ಅರ್ಜಿಯ ಹಿಂಬರಹ, ಸಾಂತ್ವನ ಕೇಂದ್ರದ ದಾಖಲೆ, 2005ರ ಕೌಟುಂಬಿಕ ಹಿಂಸಾಚಾರ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ಕೊಟ್ಟ ದೂರು, ತವರಿಗೆ ಓಡಿಬಂದಾಗ ಕೂಡಿಸಿದ ಪಂಚಾಯಿತಿಯ ಮುಚ್ಚಳಿಕೆ, ಎಲ್ಲವೂ ಬೇಕು. ಆಸ್ಪತ್ರೆಯಲ್ಲಿ 'ಬಿದ್ದು ಗಾಯ' ಎಂದು ಬರೆಸಿದ್ದರೂ ಬಿಸಾಡಬೇಡಿ. ಅಂಥವು ನಾಲ್ಕಾರು ಸಿಕ್ಕರೆ, ಒಬ್ಬ ಹೆಣ್ಣು ಇಷ್ಟು ಸಲ ಬೀಳುವುದು ಹೇಗೆ ಎಂದು ಅದೇ ವೈದ್ಯರನ್ನು ಸಾಕ್ಷಿಯಾಗಿ ಕರೆಸಿ ಕೇಳಬಹುದು. ಫೋನಿನಲ್ಲಿರುವ ಫೋಟೊ, ಧ್ವನಿ ಸಂದೇಶಗಳಿಗೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಜೊತೆಗಿರಲಿ, ಇಲ್ಲದಿದ್ದರೆ ತಕರಾರು ಬಂದು ಹೊರಗುಳಿಯುತ್ತವೆ. ಪಕ್ಕದ ಮನೆಯವರನ್ನು ನಮ್ಮ ಕಡೆಯ ಸಾಕ್ಷಿಯಾಗಿ ಕರೆಸುವ ಅವಕಾಶ ಸುರಕ್ಷಾ ಸಂಹಿತೆಯ ಕಲಂ 256ರಲ್ಲಿದೆ.

ಆತ್ಮರಕ್ಷಣೆ, ಕೆರಳಿಕೆಯಂಥ ತನ್ನ ವಿನಾಯಿತಿಯನ್ನು ಆರೋಪಿ, ಸರ್ಕಾರ ಕೊಲೆಯನ್ನು ಸಾಬೀತು ಮಾಡುವಷ್ಟು ಗಟ್ಟಿಯಾಗಿ ಸಾಬೀತು ಮಾಡಬೇಕಿಲ್ಲ. ಹೀಗೆ ನಡೆದಿರುವ ಸಂಭವವೇ ಹೆಚ್ಚು ಎನಿಸಿದರೆ ಸಾಕು.

ಪ್ರಶ್ನೆ: ಸಾಕ್ಷಿಗಳೆಲ್ಲ ಮುಗಿದಿವೆ. ಇನ್ನು ಜಡ್ಜ್ ಸಾಹೇಬರು ನನ್ನ ಚಿಕ್ಕಮ್ಮನನ್ನೇ ಪ್ರಶ್ನೆ ಕೇಳುತ್ತಾರಂತೆ. ಎಲ್ಲದಕ್ಕೂ 'ಸುಳ್ಳು' ಎಂದರೆ ಸಾಕು ಎಂದಿದ್ದಾರೆ. ಸರಿಯೇ?
(ತುಮಕೂರು)

ಉತ್ತರ: ಅದು ಸುರಕ್ಷಾ ಸಂಹಿತೆಯ ಕಲಂ 351ರ ಹೇಳಿಕೆ, ಹಿಂದಿನ 313. ಇಡೀ ವಿಚಾರಣೆಯಲ್ಲಿ ಆರೋಪಿ ನ್ಯಾಯಾಧೀಶರೊಂದಿಗೆ ನೇರ ಮಾತನಾಡುವ ಗಳಿಗೆ ಅದು. ಪ್ರಮಾಣ ಮಾಡಿಸುವುದಿಲ್ಲ. ಉತ್ತರ ಕೊಡದಿದ್ದರೆ, ತಪ್ಪು ಉತ್ತರ ಕೊಟ್ಟರೆ ಅದಕ್ಕೆ ಶಿಕ್ಷೆಯಿಲ್ಲ. ಆದರೆ ಹೇಳಿದ್ದನ್ನು ತೀರ್ಪಿನಲ್ಲಿ ಪರಿಗಣಿಸುತ್ತಾರೆ.

'ಸುಳ್ಳು, ಸುಳ್ಳು' ಎನ್ನುತ್ತ ಹೋದರೆ ಏನಾಗುತ್ತದೆ ನೋಡಿ. 'ಸತ್ತವನು ನಿಮಗೆ ದಿನಾ ಹೊಡೆಯುತ್ತಿದ್ದ, ಅದಕ್ಕೆ ನಿಮಗೆ ಅವನ ಮೇಲೆ ದ್ವೇಷವಿತ್ತು ಎಂದು 7ನೇ ಸಾಕ್ಷಿ ನುಡಿದಿದ್ದಾರೆ, ಏನು ಹೇಳುತ್ತೀರಿ?' ಎಂದು ಕೇಳುತ್ತಾರೆ. ಆ ವೇಗದಲ್ಲಿ 'ಸುಳ್ಳು' ಎಂದುಬಿಟ್ಟರೆ ಹೊಡೆಯುತ್ತಿದ್ದದ್ದೂ ಸುಳ್ಳು ಎಂದಾಯಿತು. ಅವಳನ್ನು ಉಳಿಸಬಹುದಾಗಿದ್ದ ಸಾಕ್ಷ್ಯವನ್ನು ಅವಳ ಬಾಯಿಂದಲೇ ಅಳಿಸಿದಂತೆ. 'ಹೊಡೆಯುತ್ತಿದ್ದದ್ದು ನಿಜ, ದ್ವೇಷವಿತ್ತು ಎನ್ನುವುದು ಸುಳ್ಳು' ಎಂದು ಬಿಡಿಸಿ ಹೇಳಬೇಕು.

ಕೊಲೆ ಕೇಸಿನಲ್ಲಿ ಇಂಥ ಪ್ರಶ್ನೆಗಳು ಹತ್ತಾರು ಇರುತ್ತವೆ. ಪ್ರಶ್ನೆ ಸಿದ್ಧಪಡಿಸುವಾಗ ಎರಡೂ ಕಡೆಯ ವಕೀಲರ ನೆರವು ಪಡೆಯಲು ಕೋರ್ಟಿಗೆ ಅವಕಾಶವಿದೆ. ಹಿಂದಿನ ವಾಯಿದೆಗೇ ಅವುಗಳ ಬಗ್ಗೆ ವಕೀಲರು ವಿಚಾರಿಸಲಿ, ಜೈಲಿಗೆ ಹೋಗಿ ಚಿಕ್ಕಮ್ಮನಿಗೆ ಒಂದೊಂದನ್ನೂ ಅವರ ಮಾತಿನಲ್ಲಿ ಓದಿ ಹೇಳಲಿ. ಓದುಬರಹ ಬಾರದವರಿಗೆ, ಕಟಕಟೆಯಲ್ಲಿ ನಿಂತರೆ ನಾಲಿಗೆ ಒಣಗುವವರಿಗೆ ಇನ್ನೊಂದು ದಾರಿಯಿದೆ: ಪೂರ್ತಿ ಹೇಳಿಕೆಯನ್ನು ಲಿಖಿತವಾಗಿ ಸಲ್ಲಿಸಬಹುದು. ಎರಡು ಮೂರು ಪುಟದಲ್ಲಿ, ಮದುವೆಯಾದಾಗಿನಿಂದ ಆ ರಾತ್ರಿಯವರೆಗೆ, ಅವರು ಹೇಳಿದಂತೆಯೇ ಬರೆಸಿ. ವಕೀಲರ ಭಾಷೆ ಬೇಡ.

ಪ್ರಶ್ನೆ: ಅತ್ತಿಗೆ ತಪ್ಪಿತಸ್ಥೆ ಎಂದು ನಿನ್ನೆ ತೀರ್ಪಾಯಿತು. ಶಿಕ್ಷೆಯ ಪ್ರಮಾಣ ಎರಡು ದಿನದಲ್ಲಿ ಹೇಳುತ್ತಾರಂತೆ. ಈಗ ಮಾಡುವುದೇನಾದರೂ ಉಳಿದಿದೆಯೇ?
(ಕಲಬುರಗಿ)

ಉತ್ತರ: ಬಹಳ ಉಳಿದಿದೆ. ನಾಳೆಯೇ ವಕೀಲರಿಂದ ಸಮಯ ಕೇಳುವ ಅರ್ಜಿ ಹಾಕಿಸಿ. ಸುರಕ್ಷಾ ಸಂಹಿತೆಯ ಕಲಂ 258ರಂತೆ ಶಿಕ್ಷೆಯ ಬಗ್ಗೆ ಆರೋಪಿಯನ್ನು ಬೇರೆಯಾಗಿ ಕೇಳಲೇಬೇಕು. ಆ ಕೇಳುವಿಕೆ ಬರೀ 'ವಯಸ್ಸಾಗಿದೆ, ಮಕ್ಕಳಿದ್ದಾರೆ, ಕರುಣೆ ತೋರಿ' ಎಂಬ ಒಂದು ಸಾಲಾಗಬಾರದು. 2022ರ ಮೇ 20ರ ಮನೋಜ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯಗಳಿಗೆ ಕೆಲಸ ಹಚ್ಚಿದೆ: ಆರೋಪಿಯ ಮನೋವೈದ್ಯಕೀಯ ಮೌಲ್ಯಮಾಪನವನ್ನು ಸರ್ಕಾರ ತರಬೇಕು. ಬಾಲ್ಯ, ಓದು, ದುಡಿಮೆ, ಮನೆಯ ಸ್ಥಿತಿ, ಹಿಂದೆ ಅನುಭವಿಸಿದ ಹಿಂಸೆ, ಮಾನಸಿಕ ಕಾಯಿಲೆ ಇವೆಲ್ಲದರ ವಿವರ ಬರಬೇಕು. ಜೈಲಿನ ನಡತೆ ಮತ್ತು ಅಲ್ಲಿ ಮಾಡಿದ ಕೆಲಸದ ವರದಿ ಬರಬೇಕು. ಅರ್ಜಿಯಲ್ಲಿ ಈ ತೀರ್ಪಿನ ಹೆಸರು ಹೇಳಿ ಒಂದೊಂದನ್ನೂ ಕೇಳಿ.

ಸರ್ಕಾರ ತರುವುದನ್ನೇ ಕಾಯಬೇಡಿ. ಶಾಲೆಯ ವರ್ಗಾವಣೆ ಪತ್ರ, ಮದುವೆಯ ಹೊತ್ತಿನ ವಯಸ್ಸಿಗೆ ದಾಖಲೆ, ಮಾತ್ರೆ ಚೀಟಿಗಳು, ಹೆರಿಗೆಯ ನಂತರ ಮಂಕು ಕವಿದಿದ್ದರೆ ಅದಕ್ಕೆ ತೋರಿಸಿದ ವೈದ್ಯರ ಚೀಟಿ, ಮಕ್ಕಳ ಆಧಾರ್, ಅವರನ್ನು ಈಗ ಸಾಕುತ್ತಿರುವವರ ಪ್ರಮಾಣಪತ್ರ ಸೇರಿಸಿ. ಜೈಲಿನಲ್ಲಿ ಹೊಲಿಗೆ, ಅಡುಗೆ ಏನು ಮಾಡಿದ್ದರೂ ಅಧೀಕ್ಷಕರಿಂದ ಬರೆಸಿಕೊಳ್ಳಿ. ಕೃತ್ಯದಲ್ಲಿ ಗಂಡಸೊಬ್ಬ ಸಹ ಆರೋಪಿಯಾಗಿದ್ದರೆ, ಯಾರು ಯಾರ ಮಾತಿನಂತೆ ನಡೆದರು ಎನ್ನುವುದು ದೊಡ್ಡದು. ಇನ್ನೊಬ್ಬರ ಒತ್ತಡ ಅಥವಾ ಹಿಡಿತದಲ್ಲಿ ಮಾಡಿದ್ದನ್ನು ಬಚನ್ ಸಿಂಗ್ ತೀರ್ಪು ಶಿಕ್ಷೆ ತಗ್ಗಿಸುವ ಕಾರಣವೆಂದೇ ಎಣಿಸುತ್ತದೆ. ಇಬ್ಬರಿಗೂ ಒಬ್ಬರೇ ವಕೀಲರಿದ್ದರೆ ಈ ಮಾತು ಬರುವುದೇ ಇಲ್ಲ. ಈಗಲಾದರೂ ಅತ್ತಿಗೆಗೆ ಬೇರೆ ವಕೀಲರನ್ನು ಕೇಳಿ.

ಸುಧಾರಿಸಲು ಸಾಧ್ಯವೇ ಇಲ್ಲ ಎನ್ನುವುದನ್ನು ಸರ್ಕಾರ ತೋರಿಸಬೇಕು. ಒಳ್ಳೆಯವಳೆಂದು ಸಾಬೀತು ಮಾಡುವ ಭಾರ ಅತ್ತಿಗೆಯ ಮೇಲಿಲ್ಲ.

ಪ್ರಶ್ನೆ: ಸೆಷನ್ಸ್ ಕೋರ್ಟ್ ಗಲ್ಲು ಕೊಟ್ಟಿದೆ. ಎಷ್ಟು ದಿನದಲ್ಲಿ ಜಾರಿ ಮಾಡಿಬಿಡುತ್ತಾರೆ? ನಿದ್ದೆ ಬರುತ್ತಿಲ್ಲ.
(ವಿಜಯಪುರ)

ಉತ್ತರ: ಸೆಷನ್ಸ್ ಕೋರ್ಟಿನ ಗಲ್ಲು ಅಷ್ಟಕ್ಕೇ ಜಾರಿಯಾಗುವುದಿಲ್ಲ. ಹೈಕೋರ್ಟ್ ಖಾಯಂ ಮಾಡುವವರೆಗೆ ಅದಕ್ಕೆ ಜೀವವೇ ಇಲ್ಲ. ನೀವು ಅರ್ಜಿ ಹಾಕಲಿ ಬಿಡಲಿ, ಸುರಕ್ಷಾ ಸಂಹಿತೆಯ ಕಲಂ 407ರಂತೆ ಸೆಷನ್ಸ್ ನ್ಯಾಯಾಧೀಶರೇ ಕಡತವನ್ನು ಹೈಕೋರ್ಟಿಗೆ ಕಳಿಸಬೇಕು. ನಿಮ್ಮ ಜಿಲ್ಲೆಗೆ ಅದು ಕಲಬುರಗಿ ಪೀಠ. ಅಲ್ಲಿ ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳು ಇಡೀ ಸಾಕ್ಷ್ಯವನ್ನು ಹೊಸದಾಗಿ ಓದುತ್ತಾರೆ. ಖಾಯಂ ಮಾಡಬಹುದು, ಶಿಕ್ಷೆ ಇಳಿಸಬಹುದು, ಮರುವಿಚಾರಣೆಗೆ ಹೇಳಬಹುದು, ಖುಲಾಸೆಯನ್ನೂ ಮಾಡಬಹುದು.

ಆದರೂ ನಿಮ್ಮ ಕಡೆಯ ಮೇಲ್ಮನವಿ ಬೇಕೇ ಬೇಕು, ಅದಕ್ಕೆ ಗಡುವು 30 ದಿನ. ಬೇರೆ ಶಿಕ್ಷೆಗಳಿಗೆ ಹೈಕೋರ್ಟಿಗೆ ಹೋಗಲು 60 ದಿನವಿರುವುದರಿಂದ ಇಲ್ಲಿ ಬಹಳ ಜನ ಎಡವುತ್ತಾರೆ. ತೀರ್ಪಿನ ಪ್ರತಿ ಉಚಿತವಾಗಿ ಸಿಗುತ್ತದೆ, ಜೈಲಿನ ಮೂಲಕವೇ ಮೇಲ್ಮನವಿ ಕಳಿಸಬಹುದು.

ಆಮೇಲೆ ಸುಪ್ರೀಂ ಕೋರ್ಟ್, ಅಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ. ಅಲ್ಲೂ ಸೋತರೆ ಪುನರ್‌ಪರಿಶೀಲನಾ ಅರ್ಜಿ. 2014ರ ಆರಿಫ್ ತೀರ್ಪಿನಿಂದ ಗಲ್ಲಿನ ಕೇಸುಗಳಲ್ಲಿ ಅದನ್ನು ತೆರೆದ ನ್ಯಾಯಾಲಯದಲ್ಲಿ, ಅರ್ಧ ಗಂಟೆಯ ಮಟ್ಟಿಗಾದರೂ ವಾದ ಕೇಳಿ ತೀರ್ಮಾನಿಸಬೇಕು. ಅದರ ನಂತರ ಸುಪ್ರೀಂ ಕೋರ್ಟಿಗೇ ಕೊನೆಯದಾಗಿ ಹಾಕುವ ಕ್ಯುರೇಟಿವ್ ಅರ್ಜಿ, ಕ್ಷಮಾದಾನದ ಅರ್ಜಿ.

ಇಷ್ಟೂ ಬಾಗಿಲು ಮುಚ್ಚುವ ಮುನ್ನ ಗಲ್ಲಿನ ವಾರಂಟ್ ಹೊರಡಿಸುವಂತಿಲ್ಲ. ಶಬ್ನಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಾದ ಆರೇ ದಿನಕ್ಕೆ ಸೆಷನ್ಸ್ ನ್ಯಾಯಾಧೀಶರು ವಾರಂಟ್ ಬರೆದಿದ್ದರು. 2015ರ ಮೇ 27ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕೈದಿಗೆ ಮುಂಚಿತವಾಗಿ ನೋಟಿಸ್ ಕೊಡಬೇಕು, ವಕೀಲರ ನೆರವಿರಬೇಕು, ವಾರಂಟಿನಲ್ಲಿ ದಿನ ಮತ್ತು ಸಮಯ ಖಚಿತವಾಗಿ ನಮೂದಾಗಿರಬೇಕು ಎಂದಿತು. ರಾಷ್ಟ್ರಪತಿಗಳ ತಿರಸ್ಕಾರ ತಿಳಿಸಿದ ಮೇಲೂ ಕನಿಷ್ಠ 14 ದಿನ ಬಿಡಬೇಕು, ಮನೆಯವರಿಗೆ ತಿಳಿಸಬೇಕು, ಕೊನೆಯ ಭೇಟಿ ಮಾಡಿಸಬೇಕು ಎನ್ನುವುದು 2014ರ ಶತ್ರುಘ್ನ ಚೌಹಾಣ್ ತೀರ್ಪು. ಅಲ್ಲಿಯವರೆಗೆ ಅವರನ್ನು ಒಂಟಿ ಕೋಣೆಗೆ ಹಾಕುವಂತಿಲ್ಲ. ಹಾಕಿದ್ದರೆ ಹೈಕೋರ್ಟಿಗೆ ಹೇಳಿ.

ಪ್ರಶ್ನೆ: ತಾಯಿ ಜೈಲಿನಲ್ಲಿದ್ದಾಳೆ, ಮಗುವಿಗೆ ಎರಡು ವರ್ಷ. ಜೊತೆಗಿಟ್ಟುಕೊಳ್ಳಬಹುದೇ?
(ಮಂಡ್ಯ)

ಉತ್ತರ: 6 ವರ್ಷ ತುಂಬುವವರೆಗೆ ಇಟ್ಟುಕೊಳ್ಳಬಹುದು. 2006ರ ಆರ್.ಡಿ. ಉಪಾಧ್ಯಾಯ ತೀರ್ಪಿನಂತೆ ಮಗುವನ್ನು ಕೈದಿಯೆಂದು ನೋಡುವಂತಿಲ್ಲ. ಹಾಲು, ಊಟ, ಲಸಿಕೆ, ಆಟದ ಜಾಗ ಕೊಡಬೇಕು. ಮಗು ಹೊರಗೆ ಬಂಧುಗಳ ಹತ್ತಿರವಿದ್ದರೆ ತಾಯಿಯನ್ನು ತಪ್ಪದೆ ಭೇಟಿ ಮಾಡಿಸಿ, ಭೇಟಿಯ ಚೀಟಿಗಳನ್ನು ಎತ್ತಿಡಿ. ತಾಯಿ ಮಗುವಿನ ನಂಟು ಕಡಿದಿಲ್ಲ ಎನ್ನಲು ಶಿಕ್ಷೆಯ ಹಂತದಲ್ಲಿ ಅವೇ ಆಧಾರ.

ಪ್ರಶ್ನೆ: ಕೊಲ್ಲಿ ದೇಶದಲ್ಲಿ ಮನೆಗೆಲಸಕ್ಕಿದ್ದ ನಮ್ಮ ಊರಿನ ಹೆಣ್ಣುಮಗಳ ಮೇಲೆ ಕೊಲೆ ಆರೋಪ ಬಂದಿದೆ. ಇಲ್ಲಿಂದ ಏನು ಮಾಡಬಹುದು?
(ಉಡುಪಿ)

ಉತ್ತರ: ಅಲ್ಲಿನ ಕೋರ್ಟಿನ ಮೇಲೆ ನಮ್ಮ ಕೋರ್ಟಿಗೆ ಅಧಿಕಾರವಿಲ್ಲ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ, ಬಂಧಿತಳು ಕೇಳಿದರೆ ರಾಯಭಾರ ಕಚೇರಿಗೆ ತಿಳಿಸಬೇಕು, ಅಧಿಕಾರಿಗಳು ಅವಳನ್ನು ಕಾಣಬಹುದು. ಅವಳು ಕೇಳುತ್ತಾಳೆಂದು ಕಾಯದೆ ಪಾಸ್‌ಪೋರ್ಟ್ ಸಂಖ್ಯೆಯೊಂದಿಗೆ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ಇವತ್ತೇ ದೂರು ದಾಖಲಿಸಿ. ಭಾಷೆ ತಿಳಿಯದೆ ಅರಬ್ಬಿಯ ಕಾಗದಕ್ಕೆ ಸಹಿ ಹಾಕದಂತೆ ಹೇಗಾದರೂ ಅವಳಿಗೆ ತಲುಪಿಸಿ. ದುಭಾಷಿ ಮತ್ತು ವಕೀಲರ ಖರ್ಚಿಗೆ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. ಷರಿಯಾ ಆಧರಿಸಿದ ಕಾನೂನಿರುವಲ್ಲಿ ಸತ್ತವರ ವಾರಸುದಾರರು ಕ್ಷಮಿಸಿದರೆ, ಸಾಮಾನ್ಯವಾಗಿ ದಿಯಾ ಎಂಬ ಪರಿಹಾರಧನ ಪಡೆದು, ಗಲ್ಲು ತಪ್ಪುತ್ತದೆ. ಯೆಮನ್‌ನಲ್ಲಿರುವ ಕೇರಳದ ನರ್ಸ್ ನಿಮಿಷಾ ಪ್ರಿಯಾ ಅವರಿಗೆ 2025ರ ಜುಲೈ 16ಕ್ಕೆ ಗೊತ್ತಾಗಿದ್ದ ಮರಣದಂಡನೆ ಮುಂದೂಡಿದ್ದೂ ಇಂಥ ಮಾತುಕತೆ ನಡೆಯುತ್ತಿದ್ದಾಗ. ಆ ಮಾತುಕತೆಯನ್ನು ಅಲ್ಲಿನ ವಕೀಲರು, ಹಿರಿಯರ ಮೂಲಕ ಸದ್ದಿಲ್ಲದೆ ಮಾಡಿ. ಟಿವಿ ಮುಂದೆ ಕೂತು ಸತ್ತವರನ್ನು ದೂರಿದರೆ ಕ್ಷಮಿಸಬೇಕಾದವರ ಮನಸ್ಸು ಕಲ್ಲಾಗುತ್ತದೆ.

ಪ್ರಶ್ನೆ: ಸುಪ್ರೀಂ ಕೋರ್ಟಿನಲ್ಲೂ ಸೋತೆವು. ಕ್ಷಮಾದಾನದ ಅರ್ಜಿಯನ್ನು ಯಾರು ಬರೆಯಬೇಕು, ಏನು ಬರೆಯಬೇಕು?
(ದಾವಣಗೆರೆ)

ಉತ್ತರ: ಕೈದಿ ಬರೆಯಬಹುದು, ವಾರಸುದಾರರು ಅಥವಾ ಬಂಧುಗಳೂ ಬರೆಯಬಹುದು. ಸುರಕ್ಷಾ ಸಂಹಿತೆಯ ಕಲಂ 472 ಗಡುವು ಹಾಕಿದೆ: ಮೇಲ್ಮನವಿಯೋ ಪುನರ್‌ಪರಿಶೀಲನೆಯೋ ವಜಾ ಆದದ್ದನ್ನು ಜೈಲು ಅಧೀಕ್ಷಕರು ತಿಳಿಸಿದ ದಿನದಿಂದ 30 ದಿನ. ಮೊದಲು ರಾಜ್ಯಪಾಲರಿಗೆ, ಅಲ್ಲಿ ತಿರಸ್ಕಾರವಾದ 60 ದಿನದೊಳಗೆ ರಾಷ್ಟ್ರಪತಿಗಳಿಗೆ. ಕೇಂದ್ರ ಸರ್ಕಾರ ರಾಜ್ಯದ ಅಭಿಪ್ರಾಯ ಮತ್ತು ಕಡತ ಬಂದ 60 ದಿನದೊಳಗೆ ಶಿಫಾರಸು ಮಾಡಬೇಕು. ರಾಷ್ಟ್ರಪತಿಗಳ ಆದೇಶವನ್ನು 48 ಗಂಟೆಯೊಳಗೆ ರಾಜ್ಯದ ಗೃಹ ಇಲಾಖೆಗೂ ಜೈಲಿಗೂ ತಿಳಿಸಬೇಕು.

ಕೋರ್ಟಿನಲ್ಲಿ ಸೋತ ವಾದವನ್ನೇ ಮತ್ತೆ ಬರೆಯುವುದು ಸಾಮಾನ್ಯ ತಪ್ಪು. ಇಲ್ಲಿ ಕೋರ್ಟು ನೋಡದ್ದನ್ನು, ತೀರ್ಪಿನ ನಂತರ ಬದಲಾದದ್ದನ್ನು ಬರೆಯಬೇಕು. ಎಷ್ಟು ವರ್ಷ ಜೈಲಿನಲ್ಲಾಯಿತು, ಓದಿದ್ದೇನು, ದುಡಿದದ್ದೇನು, ಈಗಿನ ಕಾಯಿಲೆ, ಮನಸ್ಸಿನ ಸ್ಥಿತಿ, ಮಕ್ಕಳು ಯಾರ ಕೈಯಲ್ಲಿದ್ದಾರೆ, ಸಹ ಆರೋಪಿಗೆ ಆದ ಶಿಕ್ಷೆ, ವಿಚಾರಣೆಯಲ್ಲಿ ಸಿಗದೆ ಹೋದ ವಕೀಲರ ನೆರವು. ನಾಲ್ಕೈದು ಪುಟ ಸಾಕು. ಒಂದೊಂದಕ್ಕೂ ಒಂದು ದಾಖಲೆ ಲಗತ್ತಿಸಿ. ಮಕ್ಕಳ ಕೈಬರಹದ ಪತ್ರವಿದ್ದರೆ ಟೈಪ್ ಮಾಡಿಸಬೇಡಿ, ಹಾಗೆಯೇ ಇಡಿ.

ಅರ್ಜಿಯನ್ನು ಜೈಲು ಅಧೀಕ್ಷಕರ ಮೂಲಕ ಕೊಡಿ, ಇನ್ನೊಂದು ಪ್ರತಿಯನ್ನು ನೋಂದಾಯಿತ ಅಂಚೆಯಲ್ಲಿ ಗೃಹ ಇಲಾಖೆಗೆ ಕಳಿಸಿ. ಸ್ವೀಕೃತಿಯ ಮೊಹರು, ಅಂಚೆ ರಸೀದಿ, ಬಂದ ಒಂದೊಂದು ಉತ್ತರದ ದಿನಾಂಕ, ಎಲ್ಲವನ್ನೂ ಒಂದೇ ಕಡತದಲ್ಲಿಡಿ. ಗಾವಿತ್ ಸಹೋದರಿಯರ ಕ್ಷಮಾದಾನದ ಅರ್ಜಿ ತೀರ್ಮಾನವಾಗಲು ಏಳು ವರ್ಷಕ್ಕೂ ಹೆಚ್ಚು ಹಿಡಿಯಿತು, 2014ರಲ್ಲಿ ತಿರಸ್ಕಾರವೂ ಆಯಿತು. ಆದರೆ ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ಸುಮ್ಮನೆ ಬಿದ್ದಿತ್ತು ಎನ್ನುವ ದಿನಾಂಕಗಳ ಆಧಾರದಲ್ಲೇ 2022ರ ಜನವರಿ 18ರಂದು ಬಾಂಬೆ ಹೈಕೋರ್ಟ್ ಇಬ್ಬರ ಗಲ್ಲನ್ನೂ ಜೀವಾವಧಿಗೆ ಇಳಿಸಿತು.